‘ಬಿಟ್ಟು ಬಾ’ ಅನ್ನದೆ ‘ಬಾ’ ಅಂದಿದ್ದು: ಬೇ ಏರಿಯಾದ ಒಂದು ಕೇಸ್

ಮೊದ್ಲೇ ಹೇಳ್ಬಿಡ್ತೀನಿ, ಇದು ಒಬ್ಬನೇ ಒಬ್ಬನ ಕಥೆ ಅಲ್ಲ. ನಾನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ (ಇದರ ಸುತ್ತಿನ ಊರುಗಳನ್ನೂ ಸೇರಿಸಿ ಬೇ ಏರಿಯಾ ಅಂತಾರೆ) ಡ್ರಗ್ಸ್ ಬಳಸೋರ ಜೊತೆ ಕೌನ್ಸೆಲರ್ ಆಗಿ ಕೆಲಸ ಮಾಡ್ತೀನಿ, ಅಲ್ಲಿ ಕಂಡ ಎರಡು ಮೂರು ಜನರದ್ದನ್ನ ಸೇರಿಸಿ, ಊರು ವಯಸ್ಸು ಕಂಪನಿ ಎಲ್ಲ ಬದಲಾಯಿಸಿ, ಯಾರಿಗೂ ಗುರುತು ಸಿಗದ ಹಾಗೆ ಒಂದೇ ಕೇಸ್ ಮಾಡಿ ಬರೀತಾ ಇದೀನಿ. ಹೆಸರು ಬೇಕಂತಲೇ ಇಟ್ಟಿಲ್ಲ. ಕಾನೂನು, ಔಷಧಿ, ಪ್ರೋಗ್ರಾಂ ಬಗ್ಗೆ ಹೇಳಿರೋದು ಮಾತ್ರ ಇದ್ದದ್ದು ಇದ್ದ ಹಾಗೆ.

ಹುಡುಗ ಅಂತೀನಿ, ವಯಸ್ಸು 34. ದಾವಣಗೆರೆ ಕಡೆಯೋನು, ಅಲ್ಲೇ ಬಿಇ ಮುಗಿಸಿ ಎಂಎಸ್‌ಗೆ ಅಂತ ಇಲ್ಲಿಗೆ ಬಂದು, ಆಮೇಲೆ ಎಚ್-1ಬಿ ಕೆಲಸದ ವೀಸಾ, ಸಾಫ್ಟ್‌ವೇರ್ ಕೆಲಸ, ಸಂಬಳ ಚೆನ್ನಾಗೇ ಇದೆ. ಗೇ. ಊರಲ್ಲಿ ಯಾರಿಗೂ ಗೊತ್ತಿಲ್ಲ, ಆಫೀಸಲ್ಲಿ ಇಬ್ರಿಗೆ ಗೊತ್ತು. ಭಾನುವಾರ ರಾತ್ರಿ ಅಮ್ಮನ ವಾಟ್ಸಾಪ್ ವಿಡಿಯೋ ಕಾಲ್ ಬರುತ್ತೆ, ಅಲ್ಲಿ ಸೋಮವಾರ ಬೆಳಗ್ಗೆ, ಅಮ್ಮ ಕಾಫಿ ಲೋಟ ಹಿಡ್ಕೊಂಡು "ಯಾಕಪ್ಪಾ ಮುಖ ಬಾಡೈತಿ, ಸರಿಯಾಗಿ ಉಣ್ತೀಯೋ ಇಲ್ಲೋ" ಅಂತಾರೆ, ಆಮೇಲೆ ಮಾತು ಹೋಗಿ ನಿಲ್ಲೋದು ಜಾತಕದ ಹತ್ರಾನೇ. ಮುಖ ಬಾಡಿರೋದು ಯಾಕಂದ್ರೆ ಶುಕ್ರವಾರ ರಾತ್ರಿಯಿಂದ ಅವನು ಮಲಗೇ ಇಲ್ಲ.

ಕಾರಣ ಕ್ರಿಸ್ಟಲ್ ಮೆಥ್, ನಿದ್ದೆ ಹಸಿವು ಎರಡನ್ನೂ ಓಡಿಸೋ ಡ್ರಗ್. ಇಲ್ಲಿನ ಗೇ ಸರ್ಕಲ್‌ನಲ್ಲಿ ಟೀನಾ ಅಂತಾರೆ. ಅದನ್ನ ಹಾಕ್ಕೊಂಡು ಸೆಕ್ಸ್ ಮಾಡೋದಕ್ಕೆ ಪಾರ್ಟಿ ಅಂಡ್ ಪ್ಲೇ ಅಂತ ಹೆಸರು, ಡೇಟಿಂಗ್ ಆಪ್‌ನಲ್ಲಿ ಪಿಎನ್‌ಪಿ ಅಂತ ಮೂರಕ್ಷರ ಹಾಕಿದ್ರೆ ಸಾಕು, ಗೊತ್ತಿರೋರಿಗೆ ಗೊತ್ತಾಗುತ್ತೆ.

ಅವನು ಅಲ್ಲಿಗೆ ಹೆಂಗೆ ಹೋದ ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಯಾಕಂದ್ರೆ ಇಡೀ ಕೇಸು ಅಲ್ಲೇ ಇದೆ. ಊರಲ್ಲಿ ಬಚ್ಚಿಟ್ಕೊಂಡು ಬದುಕಿದ್ದೋನು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ್ರೆ ಎಲ್ಲ ಸರಿ ಹೋಗುತ್ತೆ ಅಂದ್ಕೊಂಡು ಬಂದ. ಗೇ ಜನರ ಬಡಾವಣೆ ಕ್ಯಾಸ್ಟ್ರೋದಲ್ಲಿ ಕಾಮನಬಿಲ್ಲಿನ ಬಾವುಟ ಹಾರ್ತಾ ಇದೆ, ಗಂಡಸರು ಕೈ ಕೈ ಹಿಡ್ಕೊಂಡು ಓಡಾಡ್ತಾರೆ, ಎಲ್ಲ ನಿಜ, ಆದ್ರೆ ಆಪ್ ತೆಗೆದ್ರೆ ಪ್ರೊಫೈಲಿನಲ್ಲೇ ‘ನೋ ಏಷಿಯನ್ಸ್’, ‘ಬಿಳಿಯರು ಮಾತ್ರ, ಅದು ನನ್ನ ಟೇಸ್ಟು ಅಷ್ಟೇ’ ಅಂತ ಬರ್ದಿರ್ತಾರೆ. ಗ್ರೈಂಡರ್ ಅನ್ನೋ ಗೇ ಡೇಟಿಂಗ್ ಆಪ್‌ನವರು 2020ರ ಜೂನ್‌ನಲ್ಲಿ ಜನಾಂಗದ ಫಿಲ್ಟರ್ ತೆಗೀತೀವಿ ಅಂದ್ರು, ಫಿಲ್ಟರ್ ತೆಗೆದ್ರೇನು, ಫೋಟೋ ನೋಡಿ ಬ್ಲಾಕ್ ಮಾಡೋಕೆ ಫಿಲ್ಟರ್ ಯಾಕೆ ಬೇಕು? ವರ್ಷಗಟ್ಲೆ ಮೆಸೇಜಿಗೆ ಉತ್ತರಾನೇ ಇಲ್ಲ. ಆಮೇಲೆ ಒಂದಿನ ಒಬ್ಬ ಕರೆದ, ಆ ಮನೇಲಿ ಟೀನಾ ಇತ್ತು. ಅವನ ಮಾತಲ್ಲೇ ಹೇಳ್ತೀನಿ: "ಅಕ್ಕಾ, ಅಲ್ಲಿ ಹೋದ್ರೆ ಕಪ್ಪಗಿದೀನಿ ಅಂತ ಯಾರೂ ಬಾಗಿಲು ಹಾಕ್ತಿರ್ಲಿಲ್ಲ. ಮೊದಲನೇ ಸಲ ಯಾರೋ ಬಾ ಅಂದ್ರು."

ಈಗ ಈ ಹುಡುಗನಿಗೆ ‘ಮೆಥ್ ಬಿಡು’ ಅಂತ ಹೇಳಿದ್ರೆ ಅವನಿಗೆ ಕೇಳ್ಸೋದು ‘ಮತ್ತೆ ರೂಮಿಗೆ ಹೋಗಿ ಒಬ್ನೇ ಕೂತ್ಕೋ’ ಅಂತ. ಇಷ್ಟು ಅರ್ಥ ಆಗದೆ ಮಾಡೋ ಚಿಕಿತ್ಸೆ ಚಿಕಿತ್ಸೇನೇ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ನಮ್ಮ ಹತ್ರ ಬರೋ ಮೊದಲು ಅವನು ಒಂದು ರಿಹ್ಯಾಬ್‌ಗೆ ಹೋಗಿದ್ದ, ಸಿಟಿಯಿಂದ ದೂರ, 28 ದಿನದ್ದು, ಹೆಸರು ಬೇಡ. ಗ್ರೂಪಲ್ಲಿ ಸುತ್ತ ಕೂತಿದ್ದೋರೆಲ್ಲ ಬಿಳಿ ಗಂಡಸರು, ಹೆಂಡ್ತಿ ಬಿಟ್ಟೋದ್ಲು ಮಕ್ಕಳು ಮಾತಾಡಿಸಲ್ಲ ಅಂತ ಅಳೋರು. ಇವನ ಸರದಿ ಬಂದಾಗ ಇಲ್ಲದೇ ಇರೋ ಒಂದು ಗರ್ಲ್‌ಫ್ರೆಂಡ್ ಹುಟ್ಟಿಸಿ, ಕುಡಿತದ ಸಮಸ್ಯೆ ಅಂತ ಹೇಳ್ಬಿಟ್ಟ. ಆಮೇಲೆ ಆ ಸುಳ್ಳಿಗೆ ದಿನಾ ಹೊಸ ಸುಳ್ಳು ಸೇರಿಸ್ತಾ ಹೋಗ್ಬೇಕು. ಸೆಕ್ಸಿಗೂ ಮೆಥ್‌ಗೂ ಗಂಟು ಬಿದ್ದಿರೋದೇ ಇವನ ಸಮಸ್ಯೆ, ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡಿ ಅರ್ಧಕ್ಕೇ ವಾಪಸ್ ಬಂದ. ಅಲ್ಲೇ ಇದ್ದ ಇನ್ನೊಬ್ಬನನ್ನ ಡ್ರಗ್ಸ್ ತಗೊಂಡ ಅಂತ ಆಚೆ ಹಾಕಿದ್ರಂತೆ, ಡ್ರಗ್ಸ್ ಸಮಸ್ಯೆ ಇದೆ ಅಂತ ಬಂದೋನನ್ನೇ! ಜ್ವರ ಬಂದಿದೆ ಅಂತ ಪೇಶೆಂಟನ್ನ ಆಸ್ಪತ್ರೆಯಿಂದ ಆಚೆ ಕಳ್ಸಿದ ಹಾಗೆ.

ಓಕ್ಲ್ಯಾಂಡಿನ ಶನಿವಾರ

ಅವನು ನಮ್ಮ ಬಾಗಿಲಿಗೆ ಬಂದಿದ್ದು ಒಂದು ಶನಿವಾರ ರಾತ್ರಿ ಆದ ಗಲಾಟೆಯಿಂದ. ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಓಕ್ಲ್ಯಾಂಡಿನ ಒಂದು ಫ್ಲಾಟ್‌ನಲ್ಲಿ ಟೀನಾ ಜೊತೆ ಜಿ ತಗೊಂಡಿದಾನೆ. ಜಿ ಅಂದ್ರೆ ಜಿಎಚ್‌ಬಿ, ನೋಡೋಕೆ ನೀರಿನ ಥರ, ಮಜಾ ಕೊಡೋ ಅಳತೆಗೂ ಪ್ರಜ್ಞೆ ತಪ್ಪಿಸೋ ಅಳತೆಗೂ ಅಂತರ ತುಂಬಾ ಕಮ್ಮಿ, ಮೇಲೆ ಆಲ್ಕೋಹಾಲ್ ಬಿದ್ರಂತೂ ಉಸಿರೇ ನಿಧಾನ ಆಗ್ಬಿಡುತ್ತೆ. ಇವನು ಬಿಯರ್ ಕುಡ್ದಿದ್ದ. ಸೋಫಾ ಮೇಲೆ ಗೊರ ಗೊರ ಅಂತ ಗೊರಕೆ, ಮನೆಯವನು ‘ಮಲಗಿದಾನೆ ಬಿಡಿ’ ಅಂದ. ಆ ಥರ ಗೊರಕೆ, ಅಲ್ಲಾಡಿಸಿದ್ರೂ ಏಳದೇ ಇರೋದು, ಇದು ನಿದ್ದೆ ಅಲ್ಲ, ಉಸಿರು ಕಟ್ಟೋ ಮೊದಲಿನ ಗುರುತು.

ಅದನ್ನ ಗುರುತು ಹಿಡಿದಿದ್ದು ಅಲ್ಲಿದ್ದ ಒಬ್ರು ಬ್ಲ್ಯಾಕ್ ಟ್ರಾನ್ಸ್ ಮಹಿಳೆ, ಮನೆಯವನ ಗೆಳತಿ. ಆಕೆ ಮೊದಲು ಫೋನ್ ಟಾರ್ಚ್ ಹಾಕಿ ತುಟಿ ನೋಡಿದ್ರು, ಉಗುರು ನೋಡಿದ್ರು, ಎದೆ ಮೂಳೆ ಮೇಲೆ ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿದ್ರು. ಏಳ್ಲಿಲ್ಲ. ಪಕ್ಕಕ್ಕೆ ಹೊರಳಿಸಿ, ಮೇಲಿನ ಕಾಲು ಮಡಚಿ ಮುಂದಕ್ಕಿಟ್ಟು, ವಾಂತಿ ಆದ್ರೆ ಗಂಟಲಿಗೆ ಹೋಗದ ಹಾಗೆ ತಲೆ ಇಟ್ಟು, ಬ್ಯಾಗಿಂದ ನಾರ್ಕಾನ್ ತೆಗೆದು ಮೂಗಿಗೆ ಹೊಡೆದ್ರು. ನಾರ್ಕಾನ್ ಅಂದ್ರೆ ನಾಲೊಕ್ಸೋನ್, ಅಫೀಮಿನ ಜಾತಿಯ ಡ್ರಗ್‌ಗೆ ಮಾತ್ರ ಕೆಲಸ ಮಾಡೋದು, ಜಿಗೂ ಮೆಥ್‌ಗೂ ಏನೂ ಮಾಡಲ್ಲ, ಅದು ಆಕೆಗೂ ಗೊತ್ತು. ಆದ್ರೆ ಈಗ ಮೆಥ್‌ನಲ್ಲೂ ಫೆಂಟನಿಲ್, ಅಂದ್ರೆ ಅಫೀಮಿನ ಜಾತಿಯ ತುಂಬಾ ಬಲವಾದ ಡ್ರಗ್, ಬೆರಕೆ ಸಿಗುತ್ತೆ, ಇಲ್ದಿದ್ರೆ ನಷ್ಟ ಇಲ್ಲ, ಇದ್ರೆ ಜೀವ ಉಳಿಯುತ್ತೆ, ಅದಕ್ಕೆ ಹೊಡೆದ್ರು. ಮನೆಯವನು ಬೇಡ ಬೇಡ ಅಂತಿದ್ದಾಗ್ಲೇ 911ಗೆ ಫೋನ್ ಮಾಡಿ, ಆಂಬ್ಯುಲೆನ್ಸ್ ಕೆಳಗೆ ಬಂದ ಸದ್ದು ಕೇಳೋವರೆಗೂ ಅವನ ಉಸಿರು ಎಣಿಸ್ತಾ ಕೂತಿದ್ದು, ಆಮೇಲೆ ಹಿಂದಿನ ಮೆಟ್ಟಿಲು ಇಳಿದು ಹೊರಟೋದ್ರು.

ಯಾಕೆ ಹೋದ್ರು? ಕ್ಯಾಲಿಫೋರ್ನಿಯಾದಲ್ಲಿ 2013ರ ಜನವರಿಯಿಂದ ಕಾನೂನು ಇದೆ, ಓವರ್‌ಡೋಸ್ ಆದಾಗ ಸಹಾಯಕ್ಕೆ ಫೋನ್ ಮಾಡಿದೋರ ಮೇಲೆ ಸ್ವಂತಕ್ಕೆ ಸ್ವಲ್ಪ ಡ್ರಗ್ಸ್ ಇಟ್ಕೊಂಡಿದ್ದಕ್ಕೆ ಅಥವಾ ನಶೆಯಲ್ಲಿದ್ದಿದ್ದಕ್ಕೆ ಕೇಸ್ ಹಾಕೋ ಹಾಗಿಲ್ಲ. ಆದ್ರೆ ಹಳೇ ವಾರಂಟ್ ಇದ್ರೆ ಅದಕ್ಕೆ ಈ ಕಾನೂನು ರಕ್ಷಣೆ ಕೊಡಲ್ಲ, ಆಕೆಗೆ ಒಂದು ಇತ್ತು. ಕರಿಯ ಟ್ರಾನ್ಸ್ ಹೆಂಗಸು, ಕೈಯಲ್ಲಿ ಗಂಡು ಹೆಸರಿನ ಐಡಿ, ರಾತ್ರಿ ಪೊಲೀಸು: ಆಕೆ ನಿಂತು ಕಾಯೋದು ಸುಲಭದ ಮಾತಲ್ಲ. ಜೀವ ಉಳಿಸಿದೋರೇ ಕಳ್ಳರ ಥರ ಹೋಗ್ಬೇಕಾಯ್ತು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2023ರಲ್ಲಿ 800ಕ್ಕೂ ಹೆಚ್ಚು ಜನ ಓವರ್‌ಡೋಸ್‌ನಿಂದ ಸತ್ರು, ಊರಿನ ಜನಸಂಖ್ಯೇಲಿ ಬ್ಲ್ಯಾಕ್ ಜನ ಸುಮಾರು ನೂರಕ್ಕೆ 5, ಸತ್ತೋರಲ್ಲಿ ಅವರದ್ದು ಕಾಲು ಭಾಗಕ್ಕಿಂತ ಜಾಸ್ತಿ. ನಮ್ಮವರ ಲೆಕ್ಕ ಹೆಂಗೆ ಅಂದ್ರೆ, ಚೈನೀಸ್ ವಿಯೆಟ್ನಮೀಸ್ ಇಂಡಿಯನ್ ಎಲ್ಲಾರನ್ನೂ ‘ಏಷಿಯನ್’ ಅಂತ ಒಂದೇ ಕಾಲಮ್ಮಿಗೆ ಹಾಕ್ತಾರೆ, ಅಲ್ಲಿ ನಂಬರ್ ಕಮ್ಮಿ ಬರುತ್ತೆ, ಕಮ್ಮಿ ಇದೆ ಅಂತ ಡಾಕ್ಟರು ಕೇಳೋದೇ ಇಲ್ಲ. ಈ ಹುಡುಗ ಪ್ರತಿ ವರ್ಷ ಚೆಕಪ್‌ಗೆ ಹೋಗ್ತಿದ್ದ, ಡಾಕ್ಟರು ಕೊಲೆಸ್ಟ್ರಾಲ್ ಕೇಳ್ತಿದ್ರು, ಶುಗರ್ ಕೇಳ್ತಿದ್ರು, ತೂಕ ಇಳಿದಿದೆ ಗುಡ್ ಅಂತ ಹೊಗಳಿದ್ರಂತೆ.

ಮೊದಲನೇ ಪ್ರಶ್ನೆ

ನನ್ನ ಮುಂದೆ ಕೂತ ತಕ್ಷಣ ಕೇಳಿದ್ದು ಆರೋಗ್ಯದ ಬಗ್ಗೆ ಅಲ್ಲ. ನಾನು ಕನ್ನಡದವಳು ಅಂತ ಗೊತ್ತಾದ್ಮೇಲೆ ಇನ್ನೂ ಹೆದರಿದ, ಬೇ ಏರಿಯಾದ ಕನ್ನಡದವರು ಎಲ್ಲ ಒಬ್ರಿಗೊಬ್ರು ಗೊತ್ತಿರ್ತಾರಲ್ಲ, ಆಮೇಲೆ ಧೈರ್ಯ ಮಾಡಿ "ಅಕ್ಕಾ, ಇದು ಯಾವುದಾದ್ರೂ ಫೈಲಿಗೆ ಹೋಗುತ್ತಾ?" ಅಂದ.

ಆ ಹೆದರಿಕೆ ಸುಮ್ನೆ ಬಂದಿದ್ದಲ್ಲ. ವೀಸಾದ ಡಿಎಸ್-160 ಫಾರ್ಮಲ್ಲಿ ನೀನು ಡ್ರಗ್ ವ್ಯಸನಿಯಾ ಅಂತ ನೇರವಾಗಿ ಕೇಳ್ತಾರೆ. ಗ್ರೀನ್ ಕಾರ್ಡಿನ ಮೆಡಿಕಲ್, ಅದೇ ಐ-693, ಅದ್ರಲ್ಲಿ ಡ್ರಗ್ಸ್ ಸಮಸ್ಯೆ ಇದೆ ಅಂತ ಡಾಕ್ಟರು ಬರೆದ್ರೆ ಕ್ಲಾಸ್ ಎ, ಅಂದ್ರೆ ಅಡ್ಡಿ, 12 ತಿಂಗಳು ಪೂರ್ತಿ ದೂರ ಇದ್ರೆ ಮಾತ್ರ ಅದು ಕಳಿಯುತ್ತೆ. ಕೆಲಸ ಹೋದ್ರೆ ಎಚ್-1ಬಿಗೆ 60 ದಿನ, ಅಷ್ಟ್ರಲ್ಲಿ ಇನ್ನೊಂದು ಸಿಗ್ಲಿಲ್ಲ ಅಂದ್ರೆ ಪೆಟ್ಟಿಗೆ ಕಟ್ಟು. ಎಷ್ಟೋ ನಮ್ಮ ಹುಡುಗರಿಗೆ ಇನ್ನೊಂದು ಗೊತ್ತಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ 2016ರಿಂದ ಲೀಗಲ್ ಆದ್ರೂ ಫೆಡರಲ್ ಕಾನೂನಲ್ಲಿ ಅಲ್ಲ, ಇಮಿಗ್ರೇಶನ್ ಆಫೀಸರ್ ಮುಂದೆ ಸೇದಿದೀನಿ ಅಂತ ಒಪ್ಕೊಂಡ್ರೂ ತೊಂದ್ರೆ ಆಗ್ಬಹುದು. ಬಿಳಿ ಗೇ ಹುಡುಗ ಚಿಕಿತ್ಸೆಗೆ ಬರೋವಾಗ ಈ ಯಾವ್ದೂ ಅವನ ತಲೇಲಿ ಇರಲ್ಲ.

ನಾನು ‘ಏನೂ ಆಗಲ್ಲ ಬಿಡಪ್ಪಾ’ ಅನ್ಲಿಲ್ಲ, ಹಂಗೆ ಹೇಳೋದು ಮೋಸ. ಹೇಳಿದ್ದು ಇಷ್ಟು: ಡ್ರಗ್ಸ್ ಚಿಕಿತ್ಸೆಯ ದಾಖಲೆಗೆ ಬೇರೆ ಮೆಡಿಕಲ್ ದಾಖಲೆಗಿಂತ ಗಟ್ಟಿ ಬೀಗ ಇದೆ, 42 ಸಿಎಫ್‌ಆರ್ ಪಾರ್ಟ್ 2 ಅಂತ ಫೆಡರಲ್ ನಿಯಮ, ನೀನು ಬರೆದು ಒಪ್ಪಿಗೆ ಕೊಡದೆ, ಕೆಲವು ವಿನಾಯಿತಿ ಬಿಟ್ರೆ, ನಾವು ಯಾರಿಗೂ ಕೊಡೋ ಹಾಗಿಲ್ಲ, ನಿನ್ನ ಕಂಪನಿಗೂ ಇಲ್ಲ. ಆದ್ರೆ ಮೆಡಿಕಲ್‌ನಲ್ಲಿ ಡಾಕ್ಟರು ನಿನ್ನನ್ನೇ ಕೇಳ್ತಾರೆ, ಅಲ್ಲಿ ಸುಳ್ಳು ಹೇಳೋದು ಅದರದ್ದೇ ಬೇರೆ ಗುಂಡಿ, ಅದಕ್ಕೆ ಆ ಮೆಡಿಕಲ್‌ಗೆ ಮೊದಲು ಇಮಿಗ್ರೇಶನ್ ವಕೀಲರ ಹತ್ರ ಕೂತು ಮಾತಾಡು, ಕಂಪನಿ ವಕೀಲರ ಹತ್ರ ಅಲ್ಲ, ನಿನ್ನ ಸ್ವಂತ ವಕೀಲರ ಹತ್ರ. ಇಂಡಿಯಾದವರ ಗ್ರೀನ್ ಕಾರ್ಡ್ ಕ್ಯೂ ಹತ್ತು ವರ್ಷ ದಾಟಿದೆ, ಎಲ್ಲಾರೂ ಬೈಯೋ ಆ ಕ್ಯೂ ಇವನೊಬ್ಬನಿಗೆ ಸಮಯ ಕೊಡ್ತು ನೋಡಿ. ಹಾಗೇ ಇನ್ಶೂರೆನ್ಸ್ ಕಾಗದ ಮನೆಗೆ ಬಂದು ರೂಮ್‌ಮೇಟ್ ಕೈಗೆ ಸಿಗದ ಹಾಗೆ ಪೇಪರ್‌ಲೆಸ್ ಮಾಡಿಸಿದ್ವಿ. ಮೊದಲ ಭೇಟಿ ಪೂರ್ತಿ ಇದರಲ್ಲೇ ಹೋಯ್ತು, ಮೆಥ್ ಬಗ್ಗೆ ಹತ್ತು ನಿಮಿಷ ಮಾತಾಡಿದ್ರೆ ಹೆಚ್ಚು. ಅವನು ಎರಡನೇ ಸಲ ಬಂದಿದ್ದು ಅದಕ್ಕೇ ಅಂತ ನಂಗನ್ಸುತ್ತೆ.

ಏನೇನು ಮಾಡಿದ್ವಿ

ಬಿಡ್ತೀಯಾ ಅಂತ ಕೇಳ್ಲಿಲ್ಲ. ಏನು ಬೇಕು ಅಂತ ಕೇಳಿದ್ವಿ. "ಸೋಮವಾರ ಸ್ಟ್ಯಾಂಡಪ್ ಮೀಟಿಂಗಲ್ಲಿ ಬಾಯಿ ತೊದಲಬಾರದು, ಇನ್ನೊಂದ್ಸಲ ಆಂಬ್ಯುಲೆನ್ಸಲ್ಲಿ ಏಳಬಾರದು" ಅಂದ. ಸರಿ, ಅಲ್ಲಿಂದ್ಲೇ ಶುರು. ಶನಿವಾರ ಮಧ್ಯಾಹ್ನಕ್ಕೆ ಫೋನಲ್ಲಿ ಅಲಾರಂ, ಅದು ಹೊಡೆದಾಗ ಹಸಿವಿರಲಿ ಬಿಡಲಿ ಮೊಸರನ್ನ ತಿನ್ಬೇಕು, ನೀರು ಕುಡೀಬೇಕು. ಜಿ ಜೊತೆ ಹನಿ ಆಲ್ಕೋಹಾಲೂ ಬೇಡ. ಒಬ್ನೇ ಇರಬೇಡ. ಬ್ಯಾಗಲ್ಲಿ ನಾಲೊಕ್ಸೋನ್ ಇರ್ಲಿ, 2023ರ ಮಾರ್ಚಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಚೀಟಿ ಇಲ್ದೆ ಮಾರೋಕೆ ಒಪ್ಪಿಗೆ ಕೊಟ್ಮೇಲೆ ಮೆಡಿಕಲ್ ಶಾಪಲ್ಲೇ ಸಿಗುತ್ತೆ, ನಮ್ಮಂಥ ಕಡೆ ಫ್ರೀ. ಡ್ರಗ್‌ನಲ್ಲಿ ಫೆಂಟನಿಲ್ ಇದ್ಯಾ ಅಂತ ತೋರ್ಸೋ ಸ್ಟ್ರಿಪ್ ಬಳಸೋದು ಹೇಳಿಕೊಟ್ವಿ, ಇದ್ರಲ್ಲಿ ಒಂದು ಸೂಕ್ಷ್ಮ ಇದೆ: ಮೆಥ್‌ಗೆ ನೀರು ಜಾಸ್ತಿ ಬೆರೆಸ್ಬೇಕು, ಕಮ್ಮಿ ಆದ್ರೆ ಫೆಂಟನಿಲ್ ಇಲ್ದಿದ್ರೂ ಇದೆ ಅಂತ ತೋರ್ಸುತ್ತೆ, ಎರಡು ಸಲ ಹಂಗಾದ್ರೆ ಜನ ಸ್ಟ್ರಿಪ್‌ನೇ ನಂಬೋದು ಬಿಡ್ತಾರೆ.

ಎಚ್‌ಐವಿ ಬರದಿರೋಕೆ ಪ್ರೆಪ್ ಮಾತ್ರೆ ಬರೆಸ್ಕೊಂಡಿದ್ದ, ಆದ್ರೆ ಮೂರು ದಿನ ಎಚ್ಚರ ಇದ್ದೋನಿಗೆ ಯಾವತ್ತಿನ ಮಾತ್ರೆ ಯಾವುದು ಅಂತ ಎಲ್ಲಿ ನೆನಪಿರುತ್ತೆ. ಕ್ಯಾಬೊಟೆಗ್ರಾವಿರ್ ಅನ್ನೋ ಇಂಜೆಕ್ಷನ್ 2021ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಆಗಿದೆ, ಶುರುವಿನ ಡೋಸ್ ಆದ್ಮೇಲೆ ಎರಡು ತಿಂಗಳಿಗೊಂದು, ಅದಕ್ಕೆ ಬದಲಾಯಿಸಿದ್ರು. ಸಿಫಿಲಿಸ್, ಕ್ಲಾಮಿಡಿಯಾಗೆ ಸೆಕ್ಸ್ ಆದ್ಮೇಲೆ ತಗೊಳ್ಳೋ ಡಾಕ್ಸಿಸೈಕ್ಲಿನ್ನೂ ಕೊಟ್ರು, ಅದಕ್ಕೆ ಮಾರ್ಗಸೂಚಿ ಮೊದಲು ತಂದಿದ್ದೇ ಸ್ಯಾನ್ ಫ್ರಾನ್ಸಿಸ್ಕೋ, 2022ರಲ್ಲಿ. ಇದೆಲ್ಲ ಮಾಡೋವಾಗ ನರ್ಸು ಮುಖ ಸಿಂಡರಿಸ್ಲಿಲ್ಲ, ಯಾವ ರೀತಿ ಸೆಕ್ಸು, ಎಷ್ಟು ಜನ ಅಂತ ಬಿಪಿ ಕೇಳೋ ದನಿಯಲ್ಲೇ ಕೇಳಿದ್ರು.

ಅವನು ಕಮ್ಮಿ ಮಾಡ್ಬೇಕು ಅಂತ ತಾನಾಗೇ ಬಾಯಿಬಿಟ್ಟಿದ್ದು ಕೆಲವು ತಿಂಗಳಾದ್ಮೇಲೆ. ಹೆರಾಯಿನ್ ಆಗಿದ್ರೆ ಮೆಥಡೋನ್ ಇದೆ, ಬ್ಯುಪ್ರೆನಾರ್ಫಿನ್ ಇದೆ, ಮೆಥ್‌ಗೆ ಎಫ್‌ಡಿಎ ಒಪ್ಪಿದ ಔಷಧಿ ಒಂದೂ ಇಲ್ಲ. 2021ರಲ್ಲಿ ಬಂದ ದೊಡ್ಡ ಟ್ರಯಲ್‌ನಲ್ಲಿ ನಾಲ್ಟ್ರೆಕ್ಸೋನ್ ಇಂಜೆಕ್ಷನ್ ಜೊತೆ ಬ್ಯುಪ್ರೊಪಿಯಾನ್ ಕೊಟ್ಟಾಗ ನೂರಕ್ಕೆ 13.6 ಜನಕ್ಕೆ ಕೆಲಸ ಮಾಡ್ತು, ಔಷಧಿ ಇಲ್ಲದ ಹುಸಿ ಇಂಜೆಕ್ಷನ್, ಹುಸಿ ಮಾತ್ರೆ ಕೊಟ್ಟೋರಲ್ಲಿ 2.5. ಇದೇ ಊರಲ್ಲಿ ಗಂಡಸರ ಜೊತೆ ಸೆಕ್ಸ್ ಮಾಡೋ ಗಂಡಸರು ಮತ್ತೆ ಟ್ರಾನ್ಸ್ ಮಹಿಳೆಯರ ಮೇಲೆ ಖಿನ್ನತೆಗೆ ಕೊಡೋ ಮಿರ್ಟಾಜಪಿನ್ ಮಾತ್ರೆಯ ಟ್ರಯಲ್ ಆಯ್ತು, ಮೆಥ್ ಬಳಕೆ ಕಮ್ಮಿ ಆಯ್ತು. ನಮ್ಮ ಡಾಕ್ಟರು ಇವನಿಗೆ ಮಿರ್ಟಾಜಪಿನ್ ಕೊಟ್ರು, ನಿದ್ದೆ ಬರುತ್ತೆ, ಹಸಿವಾಗುತ್ತೆ, ಇವನಿಗೆ ಬೇಕಾಗಿದ್ದೂ ಅವೆರಡೇ.

ಆದ್ರೆ ಮೆಥ್‌ಗೆ ಇದುವರೆಗೆ ಚೆನ್ನಾಗಿ ನಿಂತಿರೋದು ಔಷಧಿ ಅಲ್ಲ, ಬಹುಮಾನ. ವಾರಕ್ಕೆ ಮೂರು ಸಲ ಮೂತ್ರ ಪರೀಕ್ಷೆ, ಮೆಥ್ ಇಲ್ಲ ಅಂದ್ರೆ ಕೈಗೆ ಸಣ್ಣ ಗಿಫ್ಟ್ ಕಾರ್ಡ್, ಸತತವಾಗಿ ಇಲ್ಲ ಅಂದ್ರೆ ಮೊತ್ತ ಏರ್ತಾ ಹೋಗುತ್ತೆ, ಇದೆ ಅಂದ್ರೆ ಬೈಗುಳ ಇಲ್ಲ, ಮತ್ತೆ ಕೆಳಗಿಂದ ಶುರು. ಮೆಥ್ ಮೂತ್ರದಲ್ಲಿ ಎರಡು ಮೂರು ದಿನ ಕಾಣೋದ್ರಿಂದ್ಲೇ ವಾರಕ್ಕೆ ಮೂರು ಸಲ. ಲಾಸ್ ಏಂಜಲೀಸಲ್ಲಿ ಯುಸಿಎಲ್‌ಎಯ ಸ್ಟೀವನ್ ಶಾಪ್ಟಾ ತಂಡ ಗೇ ಗಂಡಸರ ಮೇಲೇ ಇದನ್ನ ಪರೀಕ್ಷೆ ಮಾಡಿ 2005ರಲ್ಲಿ ಬರೆದಿದ್ರು. ಸ್ಯಾನ್ ಫ್ರಾನ್ಸಿಸ್ಕೋ ಏಡ್ಸ್ ಫೌಂಡೇಶನ್‌ನ ಸ್ಟೋನ್‌ವಾಲ್ ಪ್ರಾಜೆಕ್ಟಲ್ಲಿ ಪ್ರಾಪ್ ಅನ್ನೋ ಹೆಸರಲ್ಲಿ 12 ವಾರದ್ದು ನಡೆಸ್ತಾರೆ, ಒಂದೂ ತಪ್ಪದೆ ಪಾಸಾದ್ರೆ ಒಟ್ಟು 330 ಡಾಲರ್ ಆಗುತ್ತೆ.

ಹುಡುಗ ಮೊದಲು ನಕ್ಕ. "ಅಕ್ಕಾ, ಒಂದು ಕಾರ್ಡು ನನ್ನ ಒಂದು ಗಂಟೆ ಸಂಬಳಕ್ಕೂ ಸಮ ಇಲ್ವಲ್ಲ." ಹೌದು ಕಣೋ, ಹೋಗಿ ನೋಡು ಅಂದೆ. ಅದೇ ಹುಡುಗ ಕೆಲವು ವಾರ ಆದ್ಮೇಲೆ ಶುಕ್ರವಾರದ ಕಾರ್ಡಿಗೆ ಅಂತ ಆಫೀಸಿನ ರಿವ್ಯೂ ಮೀಟಿಂಗನ್ನೇ ಮುಂದಕ್ಕೆ ಹಾಕ್ಸಿದ. ಆ ಕಾರ್ಡಲ್ಲಿ ಕುಕ್ಕರ್ ತಗೊಂಡೆ ಅಂತ ಫೋಟೋ ಕಳ್ಸಿದ್ದ, ಅದ್ರಲ್ಲಿ ಮಾಡಿದ ಬಿಸಿಬೇಳೆಬಾತಿನ ಫೋಟೋನೂ, ಸ್ವಲ್ಪ ತಳ ಹಿಡಿದಿತ್ತು. ದುಡ್ಡಿನ ಮಾತಲ್ಲ ಅದು, ‘ಚೆನ್ನಾಗಿ ಮಾಡ್ದೆ’ ಅಂತ ಅವನ ನಿಜವಾದ ಸಂಗತಿ ಗೊತ್ತಿರೋ ಒಬ್ರು ವಾರಕ್ಕೆ ಮೂರು ಸಲ ಹೇಳೋದಿದ್ಯಲ್ಲ, ಅದು. ಇದನ್ನ ಲಂಚ ಅಂತ ಆಡ್ಕೊಳ್ಳೋರು ಬೇಕಾದಷ್ಟು ಜನ ಇದಾರೆ, ಅವರು ಒಂದು ಶುಕ್ರವಾರ ಅಲ್ಲಿ ಬಂದು ಕೂರ್ಲಿ.

ಮಿಕ್ಕಿದ್ದು ಶನಿವಾರದ ಸಂಜೆ. ಟೀನಾ ಇಲ್ಲದ ಶನಿವಾರ ಎಲ್ಲಿಗೆ ಹೋಗ್ಬೇಕು? ಮೆಥ್ ಬಿಡೋಕೆ ಹೊರಟೋರು ಒಟ್ಟಿಗೆ ಕೂತು ಮಾತಾಡೋ ಕ್ರಿಸ್ಟಲ್ ಮೆಥ್ ಅನಾನಿಮಸ್‌ಗೆ ಹೋದ, ಗೇ ಗಂಡಸರೇ ಇದ್ರು, ಆದ್ರೆ ಇವನೊಬ್ನೇ ಕಂದು ಬಣ್ಣದೋನು, ಎಲ್ಲಾರೂ ಅಪ್ಪಿಕೊಂಡು ಮಾತಾಡಿಸಿದ್ರೂ ಇವನು ಮುದುರಿ ಕೂತಿದ್ದ. ತ್ರಿಕೋನ್ ಅಂತ ದಕ್ಷಿಣ ಏಷ್ಯಾದ ಎಲ್‌ಜಿಬಿಟಿ ಸಂಘಟನೆ 1986ರಲ್ಲೇ ಬೇ ಏರಿಯಾದಲ್ಲಿ ಹುಟ್ಟಿದ್ದು, ಆ ಬಳಗದೋರ ಪರಿಚಯ ಆಯ್ತು. ಅಲ್ಲಿ ಒಬ್ಬ ತಮಿಳು ಹುಡುಗ ಇವನ ಪ್ಲೇಟಿಗೆ ಪುಳಿಯೋಗರೆ ಹಾಕ್ತಾ ‘ನಾನೂ ಮೆಥ್ ತಗೋತಿದ್ದೆ’ ಅಂದನಂತೆ, ಅಷ್ಟೇ ಮಾತು. ನಾನು ತಿಂಗಳುಗಟ್ಲೆ ಮಾಡಿದ್ದು ಒಂದು ತೂಕ, ಅದೊಂದು ತೂಕ.

ಈಗಿನ ಸ್ಥಿತಿ

ತಂಗಿ ಮದುವೆಗೆ ದಾವಣಗೆರೆಗೆ ಹೋಗಿದ್ದ. ಛತ್ರದಲ್ಲಿ ಸಿಕ್ಕ ಸಿಕ್ಕ ಚಿಕ್ಕಪ್ಪ ದೊಡ್ಡಮ್ಮ ಎಲ್ಲಾರೂ ‘ನಿಂದು ಯಾವಾಗಪ್ಪಾ’ ಅಂತ ಕೇಳಿ ಕೇಳಿ, ನಗ್ತಾ ನಗ್ತಾ ಉತ್ತರ ಕೊಟ್ಟು, ವಾಪಸ್ ಬಂದ ವಾರಾನೇ ಟೀನಾ ತಗೊಂಡ. ಸೋಮವಾರ ಹೋಗಿ ‘ಪಾಸಿಟಿವ್ ಬರುತ್ತೆ’ ಅಂತ ತಾನೇ ಹೇಳಿ ಕಪ್ ಇಸ್ಕೊಂಡ. ಹಿಂದಿನ ರಿಹ್ಯಾಬ್ ಆಗಿದ್ರೆ ಇಲ್ಲಿಗೆ ಕೇಸ್ ಫೇಲ್. ನಾನು ಇದನ್ನ ಈ ಕೇಸಿನಲ್ಲೇ ಒಳ್ಳೆ ದಿನ ಅಂತ ಬರ್ಕೊಂಡೆ, ಮೊದಲಾಗಿದ್ರೆ ಮೂರು ತಿಂಗಳು ಮಾಯ ಆಗ್ತಿದ್ದ. ಈಗ ತಿಂಗಳುಗಟ್ಲೆ ತಗೊಳ್ಳಲ್ಲ, ಯಾವಾಗ್ಲೋ ಒಂದ್ಸಲ ಆಗುತ್ತೆ, ಆದಾಗ ನಾಲೊಕ್ಸೋನ್ ಪಕ್ಕದಲ್ಲಿರುತ್ತೆ, ಜಿ ಪೂರ್ತಿ ನಿಲ್ಸಿದಾನೆ. ಅಮ್ಮನಿಗೆ ಇನ್ನೂ ಹೇಳಿಲ್ಲ, ಹೇಳು ಅಂತ ನಾನೂ ಒತ್ತಾಯ ಮಾಡಿಲ್ಲ, ಇಲ್ಲಿನ ಕೌನ್ಸೆಲರ್‌ಗಳು ಮನೇಲಿ ಹೇಳಿದ್ರೇ ಬಿಡುಗಡೆ ಅನ್ನೋ ಹಾಗೆ ಮಾತಾಡ್ತಾರೆ, ನಮ್ಮ ಮನೆಗಳ ಲೆಕ್ಕ ಬೇರೆ.

ಆ ಓಕ್ಲ್ಯಾಂಡಿನ ಮಹಿಳೇನ ಹುಡುಗನೇ ಹುಡುಕ್ಕೊಂಡು ಹೋಗಿ ಥ್ಯಾಂಕ್ಸ್ ಹೇಳಿ ನಮ್ಮಲ್ಲಿಗೆ ಕರ್ಕೊಂಡು ಬಂದ. ಆಕೆನೂ ಮೆಥ್ ತಗೋತಾರೆ, ಕಾರಣ ಮಾತ್ರ ಪೂರ್ತಿ ಬೇರೆ: ಮನೆ ಇಲ್ದೆ ಬೀದೀಲಿದ್ದಾಗ ರಾತ್ರಿ ಕಣ್ಣು ಮುಚ್ಚಿದ್ರೆ ಸಾಮಾನೂ ಹೋಗುತ್ತೆ, ಮೈಮೇಲೂ ಬೀಳ್ತಾರೆ, ಎಚ್ಚರ ಇರೋಕೆ ಅಂತ ಶುರುವಾಗಿದ್ದು. ಆಕೆಗೆ ಮಿರ್ಟಾಜಪಿನ್ ಕೊಟ್ಟು ಬೀದೀಲಿ ಮಲಗಿಸೋಕಾಗುತ್ತಾ? ಆಕೆಗೆ ಬೇಕಾಗಿದ್ದ ಮೊದಲ ಚಿಕಿತ್ಸೆ ಒಳಗಿಂದ ಚಿಲಕ ಹಾಕೋ ಒಂದು ರೂಮು. ಅದು ಸ್ಯಾನ್ ಫ್ರಾನ್ಸಿಸ್ಕೋದ ಟೆಂಡರ್ಲಾಯಿನ್ ಬಡಾವಣೇಲಿ ಸಿಕ್ತು, 2017ರಲ್ಲಿ ಮೂವರು ಬ್ಲ್ಯಾಕ್ ಟ್ರಾನ್ಸ್ ಮಹಿಳೆಯರು ಸೇರಿ ಟ್ರಾನ್ಸ್‌ಜೆಂಡರ್ ಡಿಸ್ಟ್ರಿಕ್ಟ್ ಅಂತ ಮಾಡಿಸಿದ್ರಲ್ಲ, ಅದೇ ಸುತ್ತಮುತ್ತ. ವಾರಂಟಿನ ವಿಷಯಕ್ಕೆ ಪಬ್ಲಿಕ್ ಡಿಫೆಂಡರ್, ಅಂದ್ರೆ ಸರ್ಕಾರಿ ಖರ್ಚಿನ ವಕೀಲರ ಹತ್ರ ಕಳ್ಸಿದ್ವಿ. ಬಡವರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇಡ್‌ಗೆ ಕ್ಯಾಲಿಫೋರ್ನಿಯಾದಲ್ಲಿ ಮೆಡಿ-ಕ್ಯಾಲ್ ಅಂತಾರೆ, ಆಕೆ ಅದರಲ್ಲಿರೋದ್ರಿಂದ ಇದೇ ಥರ ಬಹುಮಾನ ಕೊಡೋ ರಾಜ್ಯದ ರಿಕವರಿ ಇನ್ಸೆಂಟಿವ್ಸ್ ಪ್ರೋಗ್ರಾಮಿಗೆ ಸೇರ್ಬಹುದು, 24 ವಾರ, ವರ್ಷಕ್ಕೆ 599 ಡಾಲರ್‌ವರೆಗೆ, ಮೆಡಿಕೇಡ್ ಅಡಿ ಇಂಥದ್ದು ಮೊದಲು ತಂದ ರಾಜ್ಯ ಕ್ಯಾಲಿಫೋರ್ನಿಯಾ. ಆಕೆ ಇನ್ನೂ ಸೇರಿಲ್ಲ, ಸೇರೋದು ಬಿಡೋದು ಆಕೆಗೆ ಬಿಟ್ಟಿದ್ದು. ಸದ್ಯಕ್ಕೆ ಆಕೆ ಕೇಳ್ತಿರೋದು ಬೇರೆ: ತನ್ನಂಥೋರಿಗೆ ಸಹಾಯ ಮಾಡೋ ಪೀರ್ ಸ್ಪೆಷಲಿಸ್ಟ್ ಕೆಲಸ ಸಿಗುತ್ತಾ ಅಂತ, 2020ರ ಕಾನೂನಿನಿಂದ ರಾಜ್ಯದಲ್ಲಿ ಅದಕ್ಕೆ ಸರ್ಟಿಫಿಕೇಟ್ ಇದೆ, ಡ್ರಗ್ಸ್ ಬಳಸಿ ಬದುಕಿದ ಅನುಭವಾನೇ ಅಲ್ಲಿ ಅರ್ಹತೆ. ಫಾರ್ಮ್ ತುಂಬಿಸೋಕೆ ಹುಡುಗ ಲ್ಯಾಪ್‌ಟಾಪ್ ಹಿಡ್ಕೊಂಡು ಕೂತಿದ್ದ, ಟ್ರೈನಿಂಗ್ ಫೀಸು ಯಾರು ಕಟ್ಬೇಕು ಅಂತ ಇಬ್ರೂ ಜಗಳ ಆಡ್ತಿದ್ರು, ಅದನ್ನ ಕೌಂಟಿ ಕಡೆಯಿಂದ ಕೊಡ್ಸೋಕಾಗುತ್ತಾ ಅಂತ ನಾನು ವಿಚಾರಿಸ್ತಾ ಇದೀನಿ.